ಬಿಸಿಲೂರಿನ ಹಾಪ್ಸ್ ಬಳ್ಳಿ

ಭಾನುವಾರ, ಜೂನ್ ೯

ಪ್ರೀತಿಯ ಉದ್ದಣ್ಣನಿಗೆ,

ನಿನ್ನ ಎರಡು ಕಾಗದಗಳು ಕೈಸೇರಿ ತಿಂಗಳುಗಳೇ ಆದವು. ಉತ್ತರ ಬರೆಯದಿದ್ದಕ್ಕೆ ಬೈದುಕೊಂಡಿರುತ್ತೀಯ, ಬೈಗುಳವೆಲ್ಲ ನ್ಯಾಯವೇ. ಹೇಳಿಕೊಳ್ಳುವಂಥ ಸುದ್ದಿ ಬರಲಿ ಎಂದು ಕಾದೆ. ಬಂದಿದೆ. ನಿನ್ನ ತಂಪು ಬೆಟ್ಟದಿಂದ ನೀನು ಕಳಿಸಿದ ಹಾಪ್ಸ್ ಬೇರು, ನಾವು ಬಿಯರಿನ ಕಹಿಗೆ, ಘಮಕ್ಕೆ ಹಾಕುತ್ತಿದ್ದ ಅದೇ ಹಾಪ್ಸ್, ಕಾದ ಹಂಚಿನಂಥ ಈ ಊರಿನಲ್ಲಿ ಕಾಯಿ ಬಿಟ್ಟಿದೆ. ಎಣಿಸಿದೆ, ಹನ್ನೊಂದು.

ಹಿಂದಿನ ಎರಡು ಬೇರುಗಳು ಬಿಸಿಲಿಗೆ ಬೆಂದುಹೋದದ್ದು ನಿನಗೆ ಗೊತ್ತು. ಈ ಸಲ ಬೇರಿಗೆ ಚಳಿಗಾಲ ತೋರಿಸಲೇಬೇಕೆಂದು, ಒದ್ದೆ ಬಟ್ಟೆಯಲ್ಲಿ ಸುತ್ತಿ ಒಂದೂವರೆ ತಿಂಗಳು ಫ್ರಿಜ್ಜಿನಲ್ಲಿಟ್ಟೆ. ನನ್ನವಳು ಶುಂಠಿಯೆಂದು ಸಿಪ್ಪೆ ಹೆರೆಯಲು ಕೂತಿದ್ದಳು; ಸ್ವಲ್ಪದರಲ್ಲಿ ಉಳಿಯಿತು. ಆಮೇಲೆ ಹಳೇ ಡ್ರಮ್ಮಿನಲ್ಲಿ ನೆಟ್ಟು, ಬೆಳಗಿನ ಬಿಸಿಲಷ್ಟೇ ಬೀಳುವ ಮೂಲೆಗೆ ಎಳೆದೆ. ಮಧ್ಯಾಹ್ನಕ್ಕೆ ಹಸಿರು ಪರದೆ, ಬುಡಕ್ಕೆ ಒಣಹುಲ್ಲು. ಈ ಬಳ್ಳಿಗೆ ಬೇಕಾದಷ್ಟು ಉದ್ದದ ಹಗಲು ನಮ್ಮಲ್ಲಿಲ್ಲ, ಅದಕ್ಕೆ ಸಂಜೆಯಾದ ಮೇಲೂ ಎರಡು ತಾಸು ಬಲ್ಬಿನ ಬೆಳಕು. ಗಿಡ ಪರೀಕ್ಷೆಗೆ ಓದುತ್ತಿದೆಯಾ ಎಂದು ಕೆಳಮನೆಯ ದರ್ಜಿ ಕೇಳಿದ. ಬಳ್ಳಿ ಮಾತ್ರ ಹಗ್ಗ ಹಿಡಿದು, ಬಲಕ್ಕೇ ಸುತ್ತುತ್ತಾ ತಾರಸಿ ಮುಟ್ಟಿತು.

ಕಾಯಿ ಕಂಡದ್ದೇ ತಡ, ನಮ್ಮ ಬಿಯರ್ ಕಾರ್ಖಾನೆಯ ಉಗ್ರಾಣ ಕಣ್ಣಮುಂದೆ ಬಂತು. ಆ ತಣ್ಣನೆ ಕೋಣೆ, ಎದೆಮಟ್ಟದ ಹಾಪ್ಸ್ ಮೂಟೆಗಳು, ಊಟವಾದ ಮೇಲೆ ನಿದ್ದೆ ತರಿಸುವ ಆ ಘಮದಲ್ಲಿ ಅವುಗಳ ಮೇಲೇ ನಾವು ಗೊರಕೆ ಹೊಡೆದದ್ದು. ತಪ್ಪು ನಿಮ್ಮದಲ್ಲ, ಮೂಟೆಯದು ಎಂದು ಫೋರ್‌ಮನ್ ಎಬ್ಬಿಸುತ್ತಿದ್ದರಲ್ಲ? ಬಸ್ಸಿನಲ್ಲಿ ನಮ್ಮ ಅಂಗಿಯ ವಾಸನೆಗೆ ಜನ ಸರಿದು ಕೂರುತ್ತಿದ್ದರು. ನಮಗೋ ಕಾಲು ಚಾಚಲು ಜಾಗ. ಹೊಸ ಮೂಟೆ ಬಂದರೆ ನನಗೇ ಕರೆ. ಒಂದು ಹಿಡಿ ಅಂಗೈಯಲ್ಲಿ ತಿಕ್ಕಿ, ಮೂಸಿ, ನಾನು ಬೇಡ ಅಂದರೆ ಸರಕು ಮತ್ತೆ ಲಾರಿ ಹತ್ತುತ್ತಿತ್ತು. ಆಗಲೇ ಅಲ್ಲವೇ ನೀನು ನನಗೆ ಮೂಗುರಾಯ ಎಂದು ಹೆಸರಿಟ್ಟದ್ದು. ಆ ಜಾಗದಲ್ಲೀಗ ಸೋಫಾ ಅಂಗಡಿ.

ಮೊನ್ನೆ ಮೊದಲ ಕಾಯಿ ಕಿತ್ತು ನನ್ನವಳ ಅಂಗೈಯಲ್ಲಿ ತಿಕ್ಕಿದೆ. ಕಣ್ಣು ಮುಚ್ಚಿ ಮೂಸಿದಳು. ಕಿತ್ತಳೆ ಸಿಪ್ಪೆಯ ಹಾಗಿದೆ, ಹಿಂದೆಯೇ ನೆನೆದ ಹುಲ್ಲು ಎಂದಳು. ಆಮೇಲೆ "ಇದು ನೀವೇ. ಮದುವೆಯಾದ ಹೊಸದರಲ್ಲಿ ಕೆಲಸ ಮುಗಿಸಿ ಮನೆಗೆ ಬರ್ತಿದ್ರಲ್ಲ, ಆ ನೀವು. ಅಲ್ವಾ?" ಎಂದಳು.

ಐದು ಕಾಯಿ ನೆರಳಲ್ಲಿ ಒಣಗಿಸಿ ಈ ಲಕೋಟೆಯಲ್ಲಿಟ್ಟಿದ್ದೇನೆ. ಅತ್ತಿಗೆಯ ಮಂಡಿನೋವು ಬೇಗ ಇಳಿಯಲಿ, ಮೊಮ್ಮಗಳು ನಿನ್ನಷ್ಟು ಉದ್ದ ಆಗದಿರಲಿ. ನೀವೆಲ್ಲ ಚೆನ್ನಾಗಿರಿ.

ನಿನ್ನ,
ಮೂಗುರಾಯ

ಮರೆತ ಮಾತು: ಮರೆತದ್ದೇನಲ್ಲ, ಬರೆಯಲು ಧೈರ್ಯ ಬರಲಿಲ್ಲ. ಹೋದ ವರ್ಷದ ಜ್ವರ ಬಿಟ್ಟುಹೋಗುವಾಗ ನನಗಿದ್ದ ವಾಸನೆಯ ಅರಿವನ್ನೂ ಹೊತ್ತುಕೊಂಡು ಹೋಯಿತು. ಬಂದರೂ ಬಂದೀತು ಎಂದರು ವೈದ್ಯರು. ಕಾಯಿ ಬಿಟ್ಟ ದಿನ ಬಂದೇ ಬರುತ್ತದೆಂದು ಹುಚ್ಚನಂತೆ ನಂಬಿದ್ದೆ. ತಿಕ್ಕಿ ತಿಕ್ಕಿ ಅಂಗೈ ಅಂಟಾಯಿತು, ಅಷ್ಟೇ. ಇದು ನನ್ನವಳಿಗೂ ಗೊತ್ತಿಲ್ಲ. ಅವಳು "ಅಲ್ವಾ?" ಎಂದಾಗ, ಅವಳ ಅಂಗೈಯನ್ನು ಮೂಗಿಗೆ ಹಿಡಿದುಕೊಂಡು, ಹೌದು ಎಂದೆ.