ಕೂಸಿನ ಕಿವಿ ಚುಚ್ಚಿಸಬೇಡಿ

ಮುಂಬಯಿ, ಬುಧವಾರ, ೧೪-೩-೫೬

ಡೋಣಿಯ ಮಾವನವರಿಗೆ, ಅಕ್ಕನಿಗೆ ಫಕೀರಪ್ಪನ ಶರಣು.

ಬೇರೆಯವರ ರಕ್ತ ಏರಿಸಿದ ಮೇಲೆ ನಿಮ್ಮ ಮಗ ಅಂದಾನಿಗೆ ಹಲ್ಲು ಬಿದ್ದ ಜಾಗದ ರಕ್ತ ನಿಂತಿದೆ. ನಿನ್ನೆ ಗಂಜಿ ಕುಡಿದ. ಆದರೆ ಬರುವ ಸೋಮವಾರ ಅವನ ತಮ್ಮನ, ಸಣ್ಣ ಕೂಸಿನ ಕಿವಿ ಚುಚ್ಚಿಸಲೇಬೇಡಿ. ಕಿವಿ ಚುಚ್ಚುವ ಪತ್ತಾರ ಮನೆಗೆ ಬಂದರೂ ಹಾಗೇ ಕಳಿಸಿರಿ.

ಇಲ್ಲಿಯ ಡಾಕ್ಟರರು ನಮ್ಮ ಮನೆತನವನ್ನೇ ಒಂದು ಹಾಳೆಯ ಮೇಲೆ ಬರೆದರು. ಹೆಂಗಸರಿಗೆ ಸೊನ್ನೆ, ಗಂಡಸರಿಗೆ ಚೌಕ. ಹುಬ್ಬಳ್ಳಿ ಕಡೆಯ ನರ್ಸಬಾಯಿ, “ನಿಮ್ಮವ್ವನ ಅಣ್ಣತಮ್ಮರು ಯಾರರೆ ಹಿಂಗ ರಕ್ತ ಹೋಗಿ ಸತ್ತಾರೇನೋ ತಮ್ಮಾ?” ಎಂದಳು. ನಮ್ಮ ಸೋದರಮಾವ ಕುಡುಗೋಲು ತಾಗಿ ರಕ್ತ ನಿಲ್ಲದೆ ತೀರಿಹೋದದ್ದನ್ನು ಹೇಳಿದೆ. ಅವನ ಚೌಕಕ್ಕೂ ಅಂದಾನಿಯ ಚೌಕಕ್ಕೂ ಡಾಕ್ಟರರು ಮಸಿ ತುಂಬಿದರು. ಕೂಸಿನ ಚೌಕ ಖಾಲಿ ಬಿಟ್ಟರು.

“ರಕ್ತ ನಿಲ್ಲದ ಈ ರೋಗ ತಾಯಿ ರಕ್ತದಾಗ ಸುಮ್ಮನ ಕುಂತಿರತೈತಿ, ಗಂಡಮಕ್ಕಳಿಗೆ ಬಂದಾಗ ಗೊತ್ತಾಗತೈತಿ. ಕೂಸಿಗೆ ಬಂದೈತೋ ಇಲ್ಲೋ, ಪರೀಕ್ಷಾ ಮಾಡೂತನಕ ಸೂಜಿ ಮುಟ್ಟಸಬ್ಯಾಡ್ರಿ” ಎಂದಳು ನರ್ಸಬಾಯಿ.

ತಾರು ಕೊಟ್ಟರೆ ಹುಡುಗ ಹೋದನೆಂದೇ ಮನೆಮಂದಿಯೆಲ್ಲ ಅಳುತ್ತೀರಿ, ಅದಕ್ಕೆ ಕಾರ್ಡು ಬರೆಯುತ್ತಿದ್ದೇನೆ. ಇದನ್ನು ಓಣಿಯೆಲ್ಲ ಓದುತ್ತದೆ. ನಿಮ್ಮವ್ವನವರು “ಸೊಸಿ ತವರಮನಿ ರೋಗ ತಂದ್ಲು” ಎನ್ನುತ್ತಾರೆ. ಆದರೆ ಕಾರಣ ಬರೆಯದಿದ್ದರೆ ನೀವು ಮುಹೂರ್ತ ಬಿಡುವವರಲ್ಲ. ಅಕ್ಕನಿಗೂ ಇದು ಗೊತ್ತಿರಲಿಲ್ಲ, ಮಾವ. ಅವಳನ್ನು ಬೈಯಲು ಬಂದವರಿಗೆ ನೀವೇ ಅಡ್ಡ ನಿಲ್ಲಬೇಕು.

ಟಪಾಲಿನವನು ಪೆಟ್ಟಿಗೆ ತೆರೆಯುತ್ತಿದ್ದಾನೆ, ಓಡುತ್ತೇನೆ.

ಫಕೀರಪ್ಪ