ಪೇಟಿ ಬೇಡ

ಜನವರಿ 4, ರವಿವಾರ

ಮತ್ತೆ ಏರಿತು.

ನವನಗರದ ಶಾಲೆಯ ಕೋಣೆ, ಮೂರು ತಾಸು ತಾಲೀಮು. ಹಾಡುವವರು ಹನ್ನೆರಡು, ವಾದ್ಯ ಒಂದೂ ಇಲ್ಲ. ವಚನ, ಮೊಹರಂ ಪದ, ಬೀಸುವ ಪದ, ನಾನೂರು ವರ್ಷ ಹಿಂದಿನ ಇಟಲಿಯ ಚರ್ಚ್ ಹಾಡು... ಮೂರನೆಯದಕ್ಕೆ ಬರುವಷ್ಟರಲ್ಲಿ ಶ್ರುತಿ ಅಟ್ಟ ಹತ್ತಿತ್ತು. ತಂಡ ಕಟ್ಟಿದ ಸಂಗಮೇಶ ಸರ್ ಮೊದಲ ಸ್ವರ ಕೊಡುವ ತಮ್ಮ ಸಣ್ಣ ಪೀಪಿ ಊದಿ ತೋರಿಸಿದರು — ಶುರು ಮಾಡಿದ್ದು ಎಲ್ಲಿ, ನಿಂತದ್ದು ಎಲ್ಲಿ.

"ಬ್ಯಾರೆ ಕಡೆ ತಂಡದವ್ರು ಹಾಡ್ಕೋತ ಹಾಡ್ಕೋತ ಇಳಿತಾರ. ನಾವು ಏರ್ತೇವಿ. ಭಜನಿ ಚಟಾ."

ನಿಜ. ಎಲ್ಲರೂ ಭಜನೆಯಲ್ಲೇ ಬೆಳೆದವರು. ಕೊನೆಗೆ ಜೋರಾಗಬೇಕು, ಮೇಲೆ ಹೋಗಬೇಕು. ಇಲ್ಲದಿದ್ದರೆ ಹಾಡಿದಂತೆಯೇ ಅನ್ನಿಸುವುದಿಲ್ಲ.

ಜನವರಿ 11

ಸರ್ ಹೇಳಿಯೇ ಬಿಟ್ಟರು. "ಬಾದಾಮಿ ಪ್ರೋಗ್ರಾಮಿನ್ಯಾಗ ಏರಿದ್ರ, ಮುಂದ ಪೇಟಿ ಇಟ್ಕೊಂಡ ಹಾಡೂದು."

ಹಾರ್ಮೋನಿಯಂ ಪೇಟಿ ಬಂದರೆ ನನಗೇನು ಕೆಲಸ? ನನ್ನದು ಎಲ್ಲರನ್ನೂ ಹಿಡಿದಿಡುವ ತಳದ ಸ್ವರ; ಅದನ್ನು ಪೇಟಿಯೇ ಹಿಡಿಯುತ್ತದೆ. ಹೆಂಗಸರಲ್ಲಿ ಎಲ್ಲರಿಗಿಂತ ಕೆಳಗೆ. ಐವತ್ತೊಂದು ವರ್ಷ ಈ ದಪ್ಪ ದನಿಯನ್ನು ನುಂಗಿಕೊಂಡೇ ಬದುಕಿದೆ. ಸೋಬಾನೆ ಶುರುವಾದರೆ ಅತ್ತೆ, "ನೀ ಬರೇ ಆರತಿ ಹಿಡಿಯವ್ವಾ" ಅನ್ನುತ್ತಿದ್ದರು. ಇದು ಬೇಕಾದದ್ದು ಈ ತಂಡಕ್ಕೆ ಮಾತ್ರ. ಬಿಡುವವಳಲ್ಲ ನಾನು.

ಜನವರಿ 20, ಬೆಳಿಗ್ಗೆ 6

ಅಂಚೆ ಕಚೇರಿಗೆ ಹೊರಡುವ ಮೊದಲು ದಿನಾ ಒಂದು ತಾಸು ಒಂದೇ ಸ್ವರ. ಮಿಕ್ಸರ್ ತಿರುಗುತ್ತಿದ್ದರೂ ಜಾರಬಾರದು. ನಮ್ಮ ಮನೆಯವರು ಚಹಾ ಹಿಡಿದು ನಿಂತೇ ಇದ್ದರು.

"ಹಾಡ ಯಾವಾಗ ಸುರು ಆಗತೈತಿ?"

"ಇದ ಹಾಡ್ರಿ."

ಫೆಬ್ರುವರಿ 1, ಸಂಜೆ 7, ಬಸ್ಸಿನಲ್ಲಿ

ಅಕ್ಷರಗಳು ಕುಣಿಯುತ್ತಿವೆ. ಬಸ್ಸೂ.

ಬಾದಾಮಿಯ ಸಭಾಂಗಣ ತುಂಬಿತ್ತು. ಎರಡು ಹಾಡು ಸರಿ ಹೋದವು. ಬೀಸುವ ಪದಕ್ಕೆ ಜನ ಚಪ್ಪಾಳೆ ಹಾಕತೊಡಗಿದರು — ಮುಗಿಯಿತು. ನಮ್ಮವರು ಹತ್ತಿಯೇ ಬಿಟ್ಟರು. ಹನ್ನೊಂದು ಜನ ಮೇಲೆ, ನಾನೊಬ್ಬಳು ಕೆಳಗೆ. ಕೇಳುವವರಿಗೆ ತಪ್ಪು ನನ್ನದೇ. ಮುಂದಿನ ಸಾಲಿನ ಹಿರಿಯರೊಬ್ಬರು ಮುಖ ಕಿವುಚಿದ್ದು ಕಂಡಿತು. ನಾನೂ ಏರಿಬಿಡಲೇ... ಎರಡು ಸಾಲು, ನರಕ. ಏರಲಿಲ್ಲ.

ಪಕ್ಕದಲ್ಲಿ ಇಳಕಲ್ಲಿನ ಸುಗರಾ, ಸೀರೆ ನೇಯುವವಳು. ನನ್ನ ಕಡೆ ತಿರುಗಿ ನೋಡಿದಳು. ನನ್ನ ಸ್ವರಕ್ಕೆ ಇಳಿದಳು. ಅವಳ ಹಿಂದೆ ಹುನಗುಂದದ ಅಂದಾನಪ್ಪ ಮಾಸ್ತರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ.

ಇಟಲಿಯ ಹಾಡು ಮುಗಿಸಿ ಒಳಗೆ ಬಂದದ್ದೇ ತಡ, ಸರ್ ಪೀಪಿ ಊದಿದರು. ಅದೇ ಸ್ವರ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಸುಗರಾ ನನ್ನ ಕೈ ಹಿಡಿದು, "ಅಕ್ಕಾ, ನೀ ಭಾಳ ಗಟ್ಟಿ ಅದಿ" ಅಂದಳು.

ನನಗೆ ಹೆಮ್ಮೆಯಾಗಿದೆ. ಯಾರಿಗೂ ಹೇಳುವುದಿಲ್ಲ, ಇಲ್ಲಿ ಬರೆಯುತ್ತೇನೆ. ತುಂಬಾ ಹೆಮ್ಮೆ.

ಫೆಬ್ರುವರಿ 8, ರವಿವಾರ, ತಾಲೀಮಿನ ಕೋಣೆ

ಪೇಟಿಯ ಮಾತು ಯಾರೂ ಎತ್ತಲಿಲ್ಲ. ಸರ್ ಪೀಪಿಯನ್ನೂ ತಂದಿಲ್ಲ. ಮರೆತಿರಬೇಕೆಂದು ಕೇಳಿದೆ.

"ಅದ್ಯಾಕ ಬೇಕ್ರಿ ಅಕ್ಕಾರ? ಇವತ್ತಿಂದ ಸ್ವರಾ ನೀವ ಕೊಡ್ರಿ."

ಎಲ್ಲರೂ ಸಾಲಾಗಿ ನಿಲ್ಲುತ್ತಿದ್ದಾರೆ. ನಾನು ಬಾಯಿ ತೆರೆಯುವವರೆಗೆ ಯಾರೂ ಹಾಡುವಂತಿಲ್ಲ. ಕರೆಯುತ್ತಿದ್ದಾರೆ, ಹೋಗಬೇಕು, ಇನ್ನು —