ಗುಮಾಸ್ತ ಹೊಡೆದುಹಾಕಿದ ಹೆಸರು

ಯಾರ್ಮತ್ ಬಂದರು, ಶುಕ್ರವಾರ

ಅಜ್ಜಿ,

ನಾವಿಬ್ಬರೂ ಕ್ಷೇಮ, ಆದರೆ ನನಗೆ ಸಿಟ್ಟಿಗೆ ಮೈಯೆಲ್ಲ ಉರಿಯುತ್ತಿದೆ. ಮೀನು ಕೊಯ್ಯುವ ಅಂಗಳದ ಗುಮಾಸ್ತ ಪುಸ್ತಕದಲ್ಲಿ ಬೇಹಕ್ ಎಂಬ ಹೆಸರನ್ನು ಎರಡು ಕಡೆ ಕಂಡು ತಂಗಿಯದನ್ನು ಹೊಡೆದುಹಾಕಿದ.

“ನಿಮ್ಮಪ್ಪನಿಗೆ ಬೇರೆ ಹೆಸರೇ ಸಿಗಲಿಲ್ವೇನಮ್ಮ?” ಎಂದ.

“ನಮ್ಮ ಅಜ್ಜಿಯರಿಬ್ಬರೂ ಬೇಹಕ್. ನನಗೆ ಅಮ್ಮನ ತಾಯಿ ಹೆಸರು, ಇವಳಿಗೆ ಅಪ್ಪನ ತಾಯಿ ಹೆಸರು. ಒಬ್ಬರದಿಟ್ಟು ಇನ್ನೊಬ್ಬರದನ್ನ ಬಿಡೋಕಾಗುತ್ತಾ? ಬೇಹಕ್ ಅಂದ್ರೆ ನಮ್ಮಲ್ಲಿ ಜೀವ ಅಂತ, ಸ್ವಾಮಿ.”

“ಒಂದು ಮನೆಗೆ ಒಂದು ಜೀವ ಸಾಕು. ಇವಳು ಇನ್ಮೇಲೆ ಬೆಟ್ಟಿ,” ಎಂದು ಬರೆದೇಬಿಟ್ಟ. ಅವನು ಗೀಟು ಎಳೆದದ್ದು ನಿನ್ನ ಹೆಸರಿನ ಮೇಲೆ, ಅಜ್ಜಿ.

ಇವತ್ತು ಬೆಳಗಿನಿಂದ ಬೆಟ್ಟಿ, ಬೆಟ್ಟಿ ಎಂದು ಕೂಗುತ್ತಿದ್ದಾನೆ. ತಂಗಿ ಆ ಹೆಸರಿಗೆ ಓಗೊಡದೆ, ಮೀನು ಮುಟ್ಟದೆ, ಚಾಕುವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಾಳೆ. ಅವಳನ್ನು ನೋಡಿ ನಮ್ಮ ಲೂಯಿಸ್ ದ್ವೀಪದ ಹುಡುಗಿಯರೆಲ್ಲ ಕೂತೆವು. ಕೊಯ್ಯದ ಮೀನು ಮೊಣಕಾಲೆತ್ತರ ಬಿದ್ದಿದೆ, ಬಿಸಿಲೂ ಏರುತ್ತಿದೆ. ಅದಕ್ಕೇ ನನಗೆ ಕಾರ್ಡು ಬರೆಯಲು ಬಿಡುವು.

ಉಪ್ಪಿಗೆ ಬೆರಳೆಲ್ಲ ಬಿರಿದಿವೆ. ಕಟ್ಟಿಕೊಳ್ಳಲು ಹಳೆಯ ಹಿಟ್ಟಿನ ಚೀಲದ ಬಟ್ಟೆ ಕಳಿಸು.

ಗುಮಾಸ್ತ ಬೆಟ್ಟಿ ಎಂದು ಬರೆದ ಪುಟವನ್ನೇ ತೆರೆದು, ತಿದ್ದಲು ಮಸಿಕುಡಿಕೆ ಹುಡುಕುತ್ತಿದ್ದಾನೆ. ಇನ್ನು ನಾವು ಕೆಲಸಕ್ಕೆ ಏಳಬೇಕು.

ನಿನ್ನ
ಹಿರಿ ಬೇಹಕ್, ಕಿರಿ ಬೇಹಕ್